ಪಿಎಚ್.ಡಿ.: ಯಾರ ಬಳಿ, ಏತಕ್ಕಾಗಿ?



ಪಿಎಚ್.ಡಿ. ಬಗ್ಗೆ ಮಾತನಾಡಲು ಬಿ.ಎಡ್. ಮಾಡಿದ ಶಾಲಾ ಮೇಷ್ಟ್ರನ್ನು ಯಾಕೆ ನಿಲ್ಲಿಸಿದರು ಎಂದು ನೀವು ಕೇಳಬಹುದು. ನಾನು ಸೇರಿ ಅರ್ಧಕ್ಕೆ ಬಿಟ್ಟವನು. ಎಡವಿದವನಿಗೆ ಕಲ್ಲು ಎಲ್ಲಿದೆ ಎಂಬುದು ಚೆನ್ನಾಗಿ ನೆನಪಿರುತ್ತದೆ.

ನಾನು ಆರಿಸಿಕೊಂಡ ವಿಷಯ ಬಿಜಾಪುರದ ಸೂಫಿಗಳ ದಖನಿ ಚಕ್ಕೀನಾಮೆಗಳು ಮತ್ತು ಕನ್ನಡದ ಬೀಸುವ ಪದಗಳು. ಎರಡೂ ಬೀಸುಕಲ್ಲಿನ ಮುಂದೆ ಕೂತ ಹೆಂಗಸರ ಬಾಯಲ್ಲಿ ಬಾಳಿದ ಹಾಡುಗಳು. ಉರ್ದು, ಕನ್ನಡ ಎರಡನ್ನೂ ಪಾಠ ಮಾಡುವ ನನಗೆ ಹೇಳಿ ಮಾಡಿಸಿದ ವಿಷಯ. ಆದರೆ ಮಾರ್ಗದರ್ಶಕರನ್ನು ಆರಿಸಿದ್ದು ಹೇಗೆ? ಮನೆಯಿಂದ ಒಂದೇ ಬಸ್ಸು, ಅಷ್ಟೇ ಕಾರಣ. ಅವರು ಸಜ್ಜನರು, ಆದರೆ ಉರ್ದು ಲಿಪಿ ಬಾರದು. ನನ್ನ ದಖನಿ ಅಧ್ಯಾಯದ ಪುಟ ತಿರುವಿ 'ಚೆನ್ನಾಗಿದೆ' ಎಂದು ಹಿಂದಿರುಗಿಸಿದರು. ಸರಿಯೋ ತಪ್ಪೋ ಹೇಳುವವರೇ ಇಲ್ಲ. ಮೂರನೆಯ ವರ್ಷ ನಿಲ್ಲಿಸಿದೆ. ಶುಲ್ಕಕ್ಕಾಗಿ ಮನೆಯಾಕೆ ಬಳೆ ಅಡವಿಟ್ಟಿದ್ದಳು. ಅದನ್ನು ಬಿಡಿಸಿಕೊಂಡದ್ದು ಹೋದ ವರ್ಷ.

ಆದ್ದರಿಂದ ವಿಶ್ವವಿದ್ಯಾಲಯದ ಹೆಸರಿಗಿಂತ ಮೊದಲು, ನಿಮ್ಮ ಸಾಮಗ್ರಿಯನ್ನು ಓದಬಲ್ಲವರು ಯಾರು ಎಂದು ಹುಡುಕಿ. ಶೋಧಗಂಗಾ ಜಾಲತಾಣದಲ್ಲಿ ದೇಶದ ಪಿಎಚ್.ಡಿ. ಪ್ರಬಂಧಗಳನ್ನು ಹಣ ಕೊಡದೆ ಓದಬಹುದು. ನೀವು ನೆಚ್ಚಿದ ಪ್ರಾಧ್ಯಾಪಕರ ಕೈಕೆಳಗೆ ಮುಗಿದ ಎರಡು ಪ್ರಬಂಧಗಳನ್ನಾದರೂ ತೆರೆದು ನೋಡಿ. ಎರಡು ಭಾಷೆಯ ವಿಷಯವಾದರೆ ಸಹ ಮಾರ್ಗದರ್ಶಕರನ್ನು ಕೇಳಿ. ನಿಯಮ ಅದಕ್ಕೆ ಅಡ್ಡಿಯಿಲ್ಲ. ನಾನು ಹಂಪಿಯ ಕನ್ನಡ ವಿಶ್ವವಿದ್ಯಾಲಯಕ್ಕೋ ಹೈದರಾಬಾದಿನ ಮೌಲಾನಾ ಆಜಾದ್ ಉರ್ದು ವಿಶ್ವವಿದ್ಯಾಲಯಕ್ಕೋ ಒಂದು ಪತ್ರವನ್ನೂ ಬರೆಯಲಿಲ್ಲ. ಯುಜಿಸಿಯ 2022ರ ನಿಯಮದಂತೆ ಪ್ರಾಧ್ಯಾಪಕರೊಬ್ಬರು 8, ಸಹ ಪ್ರಾಧ್ಯಾಪಕರು 6, ಸಹಾಯಕ ಪ್ರಾಧ್ಯಾಪಕರು 4 ಸಂಶೋಧಕರನ್ನಷ್ಟೇ ಇಟ್ಟುಕೊಳ್ಳಬಹುದು. ಜಾಗ ಖಾಲಿ ಇದೆಯೇ, ಅವರ ನಿವೃತ್ತಿ ಯಾವಾಗ ಎಂದು ಕೇಳಲು ಸಂಕೋಚ ಬೇಡ.

ಇನ್ನು, ಏತಕ್ಕಾಗಿ ಎಂಬುದು. ಬೇಗ ಕಾಲೇಜಿನಲ್ಲಿ ಪಾಠ ಮಾಡಬೇಕು ಎನ್ನುವವರು ಮೊದಲು ನೆಟ್ ಅಥವಾ ಕೆ-ಸೆಟ್ ಬರೆಯಿರಿ. 2023ರ ಜುಲೈಯಲ್ಲಿ ಯುಜಿಸಿ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಇವನ್ನೇ ಕನಿಷ್ಠ ಅರ್ಹತೆಯಾಗಿಸಿ, ಪಿಎಚ್.ಡಿ.ಯನ್ನು ಐಚ್ಛಿಕ ಮಾಡಿತು. ನನ್ನಂತೆ ನೌಕರಿಯಲ್ಲಿರುವವರಿಗೆ ಅರೆಕಾಲಿಕ ಪಿಎಚ್.ಡಿ. ಇದೆ, ಸಂಸ್ಥೆಯ ನಿರಾಕ್ಷೇಪಣಾ ಪತ್ರ ಬೇಕು. ಅಂಚೆ ಶಿಕ್ಷಣದ ಪಿಎಚ್.ಡಿ.ಗೆ ಮಾನ್ಯತೆಯೇ ಇಲ್ಲ. ಹೆಸರಿನ ಹಿಂದೆ 'ಡಾ.' ಇದ್ದರೆ ಸಾಕು ಎನ್ನುವವರಿಗೆ ದುಡ್ಡಿಗೆ ಕೊಡುವ ಅಂಗಡಿಗಳು ಸಿಗುತ್ತವೆ, ಅವರ ಜೊತೆ ನನಗೆ ಮಾತಿಲ್ಲ. 2025ರ ಜನವರಿಯಲ್ಲಿ ಯುಜಿಸಿ ರಾಜಸ್ಥಾನದ ಮೂರು ವಿಶ್ವವಿದ್ಯಾಲಯಗಳು ಐದು ವರ್ಷ ಪಿಎಚ್.ಡಿ.ಗೆ ಸೇರಿಸಿಕೊಳ್ಳದಂತೆ ತಡೆದದ್ದನ್ನು ಮಾತ್ರ ನೆನಪಿಸುತ್ತೇನೆ.

ಹಣದ ಮಾತು. 2009ರಲ್ಲಿ ಆರಂಭವಾದ ಮೌಲಾನಾ ಆಜಾದ್ ಫೆಲೋಶಿಪ್‌ನಿಂದ ನಮ್ಮವರು ಅನೇಕರು ಓದಿದರು. 2022-23ರಿಂದ ಅದು ನಿಂತಿದೆ; ಹಳೆಯ ಕರಪತ್ರ ನೋಡಿ ಲೆಕ್ಕ ಹಾಕಬೇಡಿ. ಜೆ.ಆರ್.ಎಫ್. ಸಿಕ್ಕರೆ ತಿಂಗಳಿಗೆ 37,000 ರೂಪಾಯಿ, 2023ರಲ್ಲಿ ಏರಿದ ದರ.

ಹೆಣ್ಣುಮಕ್ಕಳ ತಂದೆತಾಯಿಗಳಿಗೆ ಒಂದು ಮಾತು: ಮದುವೆಯಾದರೆ ಓದು ನಿಲ್ಲುತ್ತದೆ ಎನ್ನಬೇಡಿ. ಆರು ವರ್ಷದ ಗಡುವಿನ ಮೇಲೆ ಮಹಿಳೆಯರಿಗೆ ಎರಡು ವರ್ಷ ಹೆಚ್ಚು ಸಿಗಬಹುದು, 240 ದಿನಗಳವರೆಗೆ ಹೆರಿಗೆ ಹಾಗೂ ಮಗುವಿನ ಆರೈಕೆಯ ರಜೆಯೂ ಉಂಟು.

ನನ್ನ ಚಕ್ಕೀನಾಮೆಯ ಟಿಪ್ಪಣಿಗಳು ಒಂದು ಟ್ರಂಕಿನ ತುಂಬ ಇವೆ. ಎರಡೂ ಲಿಪಿ ಬಲ್ಲ ಯಾರಾದರೂ ಮುಂದುವರಿಸುವುದಾದರೆ ಮನೆಗೆ ಬನ್ನಿ, ಕೊಡುತ್ತೇನೆ.