ಯಂತ್ರದ ಕೈಗೊಂದು ನಿಘಂಟು

ನಾನು ಪಂಡಿತ ಪರೀಕ್ಷೆಗೆ ಓದುತ್ತಿದ್ದಾಗ ನಮ್ಮ ಗುರುಗಳು ಒಂದು ನಿಯಮವನ್ನು ಕಟ್ಟುನಿಟ್ಟಾಗಿ ನಡೆಸುತ್ತಿದ್ದರು. ಪದ್ಯದ ಶಬ್ದಕ್ಕೆ ಅರ್ಥ ಹೇಳುವಾಗ ಯಾರಾದರೂ "ಹೀಗಿರಬಹುದು" ಎಂದು ಬಾಯಿ ತೆರೆದರೆ, "ಎದ್ದು ಹೋಗಿ ನಿಘಂಟು ನೋಡಿ ಬಾ" ಎನ್ನುತ್ತಿದ್ದರು. ಅದೆಷ್ಟೋ ವರ್ಷಗಳ ಮೇಲೆ ಆ ಮಾತನ್ನೇ ನಾನು ಒಂದು ಯಂತ್ರಕ್ಕೆ ಹೇಳಬೇಕಾಗಿ ಬಂತು. ಆ ಸಂಗತಿಯನ್ನು ಈ ಹೊತ್ತು ತಮ್ಮ ಮುಂದಿಡುತ್ತೇನೆ.

ರಾಜಾಜಿನಗರದ ಒಂದು ಪ್ರೌಢಶಾಲೆಯಲ್ಲಿ ನಾನು ಕನ್ನಡ ಉಪಾಧ್ಯಾಯ. ಹಳಗನ್ನಡದ ಪಾಠ ಬಂದಾಗಲೆಲ್ಲ ಕಠಿನ ಶಬ್ದಗಳನ್ನು ಅಕಾರಾದಿಯಾಗಿ ಜೋಡಿಸಿ, ಅರ್ಥ ಬರೆದು ಮಕ್ಕಳಿಗೆ ಹಂಚುವುದು ನನ್ನ ರೂಢಿ. ಇದನ್ನು ಕಂಡ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ವಿಜಯನಗರದಿಂದ ಒಂದು ಭಾನುವಾರ ಬಂದು, ನನ್ನ ಕಂಪ್ಯೂಟರಿನಲ್ಲಿ ಕೃತಕ ಬುದ್ಧಿಮತ್ತೆಯ ಸಹಾಯಕನೊಬ್ಬನನ್ನು ಕೂರಿಸಿ ಹೋದ. ಇದು ಪ್ರೋಗ್ರಾಂ ಬರೆಯುವ ಸಹಾಯಕ. ಬೇಕಾದುದನ್ನು ಕನ್ನಡದಲ್ಲಿ ಹೇಳಿದರೂ ತಿಳಿದುಕೊಂಡು ಬರೆದುಕೊಡುತ್ತದೆ. ಪಾಠದಿಂದ ಶಬ್ದಗಳನ್ನು ಆರಿಸಿ ಪಟ್ಟಿ ಮಾಡುವ ಪ್ರೋಗ್ರಾಮನ್ನು ಅದು ಕಾಫಿ ಆರುವುದರೊಳಗೆ ಬರೆದುಕೊಟ್ಟಿತು. ಅಷ್ಟೇ ಅಲ್ಲ, ನಾನು ಕೇಳದಿದ್ದರೂ ಅರ್ಥಗಳನ್ನೂ ತಾನೇ ತುಂಬಿತು. ನಾನು ಹಿಗ್ಗಿನಲ್ಲಿ ಅಚ್ಚು ತೆಗೆದು ತರಗತಿಯಲ್ಲಿ ಹಂಚಿಬಿಟ್ಟೆ.

ಪಾಠದ ನಡುವೆ ಒಬ್ಬ ಹುಡುಗಿ ಎದ್ದು ನಿಂತಳು. "ಸಾರ್, ತಾಯಿಗೆ ಮಗನ ಮೇಲೆ ಆಮೆ ಹೇಗಿರುತ್ತದೆ?" ಎಂದು ಕೇಳಿದಳು. ಪಟ್ಟಿಯಲ್ಲಿ 'ಕೂರ್ಮೆ' ಎಂಬ ಶಬ್ದದ ಮುಂದೆ 'ಆಮೆ' ಎಂದಿತ್ತು! ಕೂರ್ಮವೆಂದರೆ ಆಮೆ, ಅದು ಸಂಸ್ಕೃತದ ಶಬ್ದ. ಕೂರ್ಮೆ ಎಂದರೆ ಪ್ರೀತಿ, ಅದು 'ಕೂರ್' ಎಂಬ ಕನ್ನಡ ಧಾತುವಿನಿಂದ ಬಂದುದು. ತರಗತಿಯೆಲ್ಲ ನಕ್ಕಿತು. ನನಗೆ ನಗು ಬರಲಿಲ್ಲ. ತಪ್ಪು ಬರೆದದ್ದು ಯಂತ್ರವಾದರೂ ನೋಡದೆ ಹಂಚಿದವನು ನಾನು. ಕೇಳದೆ ಸುಮ್ಮನೆ ಬರೆದುಕೊಂಡ ಮಕ್ಕಳು ಎಷ್ಟು ಮಂದಿಯೋ!

ಈ ತಪ್ಪು ಏಕಾಯಿತು? ಇಂಥ ಸಹಾಯಕ ಅಪಾರವಾದ ಬರಹವನ್ನು ಅರಗಿಸಿಕೊಂಡು, ಒಂದು ಮಾತಿನ ಮುಂದೆ ಯಾವ ಮಾತು ಬರುವ ಸಂಭವ ಹೆಚ್ಚು ಎಂಬ ಲೆಕ್ಕದಿಂದ ಉತ್ತರವನ್ನು ಹೆಣೆಯುತ್ತದೆ. ಅದರ ಓದಿನಲ್ಲಿ ಕೂರ್ಮಾವತಾರದ ಪ್ರಸ್ತಾಪ ಬೇಕಾದಷ್ಟು ಬಂದಿರುತ್ತದೆ. ಹಳಗನ್ನಡದ ಕೂರ್ಮೆ ಅಪರೂಪ. ಬಲ್ಲದ್ದನ್ನು ಹೇಳುವಾಗಲೂ ಊಹಿಸಿ ಹೇಳುವಾಗಲೂ ಅದರ ಧಾಟಿ ಒಂದೇ. ಮನುಷ್ಯನಾದರೆ ಊಹಿಸುವಾಗ ಕೊಂಚ ತಡವರಿಸಿಯಾನು. ಅದಕ್ಕೆ ಆ ಸಂಕೋಚವಿಲ್ಲ.

ಇದಕ್ಕೆ ಪರಿಹಾರ, ಅದರ ಕೈಗೆ ಒಂದು ನಿಘಂಟನ್ನು ಕೊಡುವುದು. ಸಹಾಯಕನಿಗೇ ಒಂದು ಸಹಾಯದ ಉಪಕರಣವೆಂದರೂ ಸರಿ. ಇಂಥ ಉಪಕರಣಗಳನ್ನು ಜೋಡಿಸುವ ಒಂದು ಪದ್ಧತಿಯನ್ನು 2024ರ ನವೆಂಬರಿನಲ್ಲಿ ಆಂತ್ರೊಪಿಕ್ ಸಂಸ್ಥೆಯವರು ಎಲ್ಲರಿಗೂ ಮುಕ್ತವಾಗಿ ಪ್ರಕಟಿಸಿದರು. ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೋಕಾಲ್ ಎಂದು ಅದರ ಹೆಸರು. ಗೋಡೆಯ ಪ್ಲಗ್ಗು ಒಂದೇ ಅಳತೆಯದಾದರೆ ಯಾವ ಕಾರ್ಖಾನೆಯ ದೀಪವನ್ನಾದರೂ ಸಿಕ್ಕಿಸಬಹುದಲ್ಲವೆ? ಇದೂ ಹಾಗೆಯೇ.

ಮುಂದಿನ ಭಾನುವಾರ ಶಿಷ್ಯನೂ ನಾನೂ ಕೆಲಸಕ್ಕೆ ಕುಳಿತೆವು. ಮೊದಲು ಬೇಕಾದುದು ಶಬ್ದಭಂಡಾರ. ವರ್ಷಗಳಿಂದ ನಾನು ನಿಘಂಟುಗಳನ್ನು ನೋಡಿ ಬರೆದಿಟ್ಟ ನೋಟುಪುಸ್ತಕವನ್ನು ಕಂಪ್ಯೂಟರಿಗೆ ಏರಿಸಿದೆವು. ಅದರ ಜೊತೆಗೆ 'ಅಲರ್' ಎಂಬ ಕನ್ನಡ-ಇಂಗ್ಲಿಷ್ ನಿಘಂಟು. ವಿ. ಕೃಷ್ಣ ಅವರು ದಶಕಗಳ ಕಾಲ ದುಡಿದು ಕೂಡಿಹಾಕಿದ ಒಂದೂವರೆ ಲಕ್ಷ ಶಬ್ದಗಳ ಈ ಸಂಪತ್ತು 2019ರಲ್ಲಿ ಮುಕ್ತ ಪರವಾನಗಿಯೊಡನೆ ಅಂತರ್ಜಾಲಕ್ಕೆ ಬಂತು. ಇಂಥವರ ತಪಸ್ಸು ಇಲ್ಲದಿದ್ದರೆ ಯಂತ್ರದ ಕೈಗೆ ಕೊಡಲು ನಮ್ಮಲ್ಲಿ ಏನಿರುತ್ತಿತ್ತು?

ಎರಡನೆಯದು, ಶಬ್ದವನ್ನು ಕೊಟ್ಟರೆ ಅರ್ಥವನ್ನೂ ಅದು ಸಿಕ್ಕ ಆಕರವನ್ನೂ ಹಿಂತಿರುಗಿಸುವ ಒಂದು ಪುಟ್ಟ ಪ್ರೋಗ್ರಾಂ. ಅದಕ್ಕೊಂದು ಹೆಸರು, ಒಂದು ವಿವರಣೆ. ಆ ವಿವರಣೆಯನ್ನು ಓದಿಯೇ ಸಹಾಯಕ ಅದನ್ನು ಯಾವಾಗ ಬಳಸಬೇಕೆಂದು ನಿರ್ಧರಿಸುತ್ತದೆ. ಆದ್ದರಿಂದ ಆ ನಾಲ್ಕು ಸಾಲನ್ನು ನಾನೇ ಬರೆದೆ: ಕನ್ನಡ ಶಬ್ದಕ್ಕೆ ಅರ್ಥ ಹೇಳುವ ಮುನ್ನ ಇದನ್ನು ನೋಡತಕ್ಕದ್ದು, ಇಲ್ಲಿ ಇಲ್ಲದಿದ್ದರೆ 'ಸಿಗಲಿಲ್ಲ' ಎನ್ನತಕ್ಕದ್ದು, ಊಹಿಸತಕ್ಕದ್ದಲ್ಲ. ಮೂರನೆಯದು, ಈ ಪ್ರೋಗ್ರಾಂ ಎಲ್ಲಿದೆ, ಹೇಗೆ ಆರಂಭಿಸಬೇಕು ಎಂಬುದನ್ನು ಸಹಾಯಕನ ಸಿದ್ಧತಾ ಕಡತದಲ್ಲಿ ಬರೆಯುವುದು. ಕಡತಗಳನ್ನು ಓದುವ ಕೆಲಸವೊಂದನ್ನೇ ಉಪಕರಣಕ್ಕೆ ಒಪ್ಪಿಸಿದೆವು. ತಿದ್ದುವ ಕೆಲಸವನ್ನು ಕೊಡಲಿಲ್ಲ.

ಎರಡು ವಿಘ್ನಗಳು ಬಂದುವು. ನಮ್ಮ ಪ್ರೋಗ್ರಾಂ ಎದ್ದೊಡನೆ "ನಿಘಂಟು ಸಿದ್ಧವಾಗಿದೆ" ಎಂದು ಒಂದು ಸಾಲು ಹೇಳುತ್ತಿತ್ತು. ಸಂದೇಶಗಳು ಸಾಗುವ ದಾರಿಯಲ್ಲೇ ಈ ಕುಶಲದ ಮಾತೂ ಬಂದು ಸಂಭಾಷಣೆಯೆಲ್ಲ ಕೆಟ್ಟಿತು. ಬಾನುಲಿಯಲ್ಲಿ ವಾರ್ತೆ ಓದುವಾಗ ಪಕ್ಕದವರು ಮಾತನಾಡಿದ ಹಾಗೆ! ಆ ಸಾಲನ್ನು ಬೇರೆ ದಾರಿಗೆ ತಿರುಗಿಸಿದ ಮೇಲೆ ಸರಿಹೋಯಿತು.

ಎರಡನೆಯದು ನನ್ನ ಕಸಬಿಗೆ ಸೇರಿದ್ದು. 'ಕೋಶ' ಎಂದು ಕೇಳಿದರೆ 'ಸಿಗಲಿಲ್ಲ' ಎಂಬ ಉತ್ತರ! ಶಬ್ದ ಕಣ್ಣೆದುರಿಗೇ ಇದೆ. ವಿಚಾರಿಸಿದರೆ, ಯೂನಿಕೋಡಿನಲ್ಲಿ 'ಕೋ' ಎಂಬುದರ ಓಕಾರವನ್ನು ಒಂದೇ ಸಂಕೇತವಾಗಿಯೂ ಇಡಬಹುದು. ಎತ್ವ, ಕೊಂಬಿನ ದೀರ್ಘ, ದೀರ್ಘ ಎಂದು ಮೂರು ಬಿಡಿ ಸಂಕೇತಗಳಾಗಿಯೂ ಇಡಬಹುದು. ನಮ್ಮ ಕಣ್ಣಿಗೆ ಎರಡೂ ಒಂದೇ, ಯಂತ್ರಕ್ಕೆ ಬೇರೆ ಬೇರೆ. ಹುಡುಕುವ ಮುನ್ನ ಎರಡನ್ನೂ ಒಂದೇ ರೂಪಕ್ಕೆ ತರುವ ಸಾಲೊಂದನ್ನು ಸೇರಿಸಿದೆವು. ಕಾಗುಣಿತ ಕಲಿಸುವವನಿಗೆ ಇಷ್ಟು ಬೇಗ ಅರ್ಥವಾದ ಯಂತ್ರದ ರೋಗ ಬೇರೊಂದಿಲ್ಲ.

ಆಮೇಲೆ ಮತ್ತೆ 'ಕೂರ್ಮೆ' ಕೇಳಿದೆ. "ಪ್ರೀತಿ, ನೋಟುಪುಸ್ತಕದಿಂದ" ಎಂದು ಬಂತು. ಸಂತೋಷವಾಯಿತು. ಆದರೆ ಅದಕ್ಕಿಂತ ಹೆಚ್ಚಿನ ಸಂತೋಷವಾದದ್ದು ಇನ್ನೊಂದು ಶಬ್ದಕ್ಕೆ ಬಂದ ಉತ್ತರದಿಂದ: "ಸಿಗಲಿಲ್ಲ." ಅಂದು ನಾನು ಎದ್ದು ಹೋಗಿ, 1970ರಿಂದ 1995ರವರೆಗೆ ಎಂಟು ಸಂಪುಟಗಳಲ್ಲಿ ಹೊರಬಂದ ಸಾಹಿತ್ಯ ಪರಿಷತ್ತಿನ ಕನ್ನಡ ನಿಘಂಟನ್ನು ಬಿಚ್ಚಿ ನೋಡಿದೆ. ಅರ್ಥಗಳಿಗೆ ಕಾವ್ಯ ಶಾಸನಗಳ ಪ್ರಯೋಗಗಳನ್ನು ತೋರಿಸುತ್ತ ಹೋಗುವ ಗ್ರಂಥವದು. ಅಲ್ಲಿ ಸಿಕ್ಕಿದ್ದನ್ನು ನನ್ನ ನೋಟುಪುಸ್ತಕಕ್ಕೆ ಸೇರಿಸಿದೆ. ಈಗ ಯಂತ್ರವೂ ಅದನ್ನು ಬಲ್ಲದು.

ಉಪಕರಣವನ್ನು ಕೊಟ್ಟರೆ ಎಲ್ಲವೂ ಮುಗಿಯಿತೆಂದು ತಾವು ತಿಳಿಯಬಾರದು. ಕೈಯಲ್ಲಿ ನಿಘಂಟಿದ್ದರೂ ಬಿಚ್ಚದೆ ಉತ್ತರ ಹೇಳುವ ವಿದ್ಯಾರ್ಥಿಗಳುಂಟು. ಯಂತ್ರವೂ ಒಮ್ಮೊಮ್ಮೆ ಹಾಗೆ ಮಾಡುತ್ತದೆ. ಅದಕ್ಕಾಗಿ ಪಟ್ಟಿಯಲ್ಲಿ ಆಕರದ ಹೆಸರಿಗೆಂದು ಒಂದು ಅಂಕಣವನ್ನು ಸೇರಿಸಿದೆ. ಆ ಅಂಕಣ ಖಾಲಿ ಇದ್ದರೆ ಆ ಅರ್ಥವನ್ನು ನಾನು ನಂಬುವುದಿಲ್ಲ. ಅದರಲ್ಲಿ ಹೆಸರಿದ್ದರೂ ಹಂಚುವ ಮುನ್ನ ಒಮ್ಮೆ ಆಕರವನ್ನೇ ತೆರೆದು ಹೋಲಿಸುತ್ತೇನೆ.

ತರಗತಿಗೆ ಹೋಗಿ ಹಳೆಯ ಪಟ್ಟಿಯನ್ನು ಹಿಂದಕ್ಕೆ ಪಡೆದು, ತಪ್ಪು ನನ್ನದೆಂದು ಹೇಳಿ, ಹೊಸದನ್ನು ಕೊಟ್ಟೆ. ಅದೇ ಹುಡುಗಿ ಪಟ್ಟಿಯಲ್ಲಿಲ್ಲದ ಒಂದು ಶಬ್ದವನ್ನು ತೋರಿಸಿ ಅರ್ಥ ಕೇಳಿದಳು. ಹಿಂದಿನ ದಿನಗಳಲ್ಲಾಗಿದ್ದರೆ ಉಪಾಧ್ಯಾಯನ ಗತ್ತಿನಿಂದ ಏನಾದರೊಂದನ್ನು ಹೇಳಿಬಿಡುತ್ತಿದ್ದೆನೋ ಏನೋ. ಯಂತ್ರಕ್ಕೆ ಹಾಕಿದ ನಿಯಮ ಯಜಮಾನನಿಗೂ ಸಲ್ಲಬೇಕಲ್ಲವೆ?

"ನಾಳೆ ನೋಡಿ ಹೇಳುತ್ತೇನಮ್ಮ" ಎಂದೆ.