ಹಳೆಯ ಲಾರಿ ಕೊಳ್ಳುವ ಮುನ್ನ
(ಗುಮ್ಮಳಾಪುರದಲ್ಲಿ ತೋಟದ ಕಾರ್ಮಿಕ ಕುಟುಂಬಗಳ ಕೂಟದಲ್ಲಿ ಮಾಡಿದ ಭಾಷಣ)



ಮಗನಿಗೆ ಹೆವಿ ಲೈಸೆನ್ಸ್ ಬಂದ ಮೇಲೆ ನಮ್ಮ ಮನೆಗಳಲ್ಲಿ ಒಂದು ಮಾತು ಏಳುತ್ತದೆ: "ಅಪ್ಪಾ, ಇನ್ನೊಬ್ಬರ ಗಾಡಿ ಎಷ್ಟು ದಿನ ಓಡಿಸಲಿ? ಹಳೇ ಲಾರಿ ಒಂದನ್ನು ತೆಗೆದುಕೊಳ್ಳೋಣ." ಆಸೆ ತಪ್ಪಲ್ಲ. ತಳಿ, ಹೊಸೂರಿನಿಂದ ಹೂವು ತರಕಾರಿ ಬೆಂಗಳೂರಿಗೆ ಹೋಗುತ್ತವೆ. ಗಡಿಯಾಚೆ ಜಿಗಣಿಯಲ್ಲಿ ಗ್ರಾನೈಟ್ ಕಾರ್ಖಾನೆಗಳಿವೆ. ಬಾಡಿಗೆ ಸಿಗುತ್ತದೆ. ಆದರೆ ಲಾರಿಗೆ ಹಾಕುವ ಹಣ ಯಾವುದು? ತೋಟದಲ್ಲಿ ಬೆನ್ನು ಬಗ್ಗಿಸಿದವರ ಪಿ.ಎಫ್., ಗ್ರಾಚ್ಯುಟಿ. ವರ್ಷದ ಸೇವೆಗೆ 15 ದಿನದ ಸಂಬಳದಂತೆ, 20 ವರ್ಷಕ್ಕೆ 300 ದಿನದ ಸಂಬಳ. ಒಮ್ಮೆ ಕೈಬಿಟ್ಟರೆ ಆ ಹಣ ಮತ್ತೆ ಬಾರದು.

ಲೂಕರ ಶುಭಸಂದೇಶದ 14ನೆಯ ಅಧ್ಯಾಯದಲ್ಲಿ ಯೇಸುಸ್ವಾಮಿ ಗೋಪುರ ಕಟ್ಟುವವನ ಮಾತು ಎತ್ತುತ್ತಾರೆ. ಮೊದಲು ಕುಳಿತು ಖರ್ಚು ಎಣಿಸದವನು ಅಡಿಪಾಯ ಹಾಕಿ ನಿಂತುಬಿಡುತ್ತಾನೆ. ಲಾರಿಯ ಲೆಕ್ಕವನ್ನೂ ನಾವು ಹಾಗೆಯೇ ಕುಳಿತು ಎಣಿಸೋಣ.

ಮೊದಲು ಕಾಗದ. ಅಡ್ವಾನ್ಸ್ ಕೊಡುವ ಮುಂಚೆ ಆರ್.ಸಿ.ಯಲ್ಲಿರುವ ಚಾಸಿಸ್ ನಂಬರು, ಎಂಜಿನ್ ನಂಬರು ಗಾಡಿಯ ಮೇಲಿನದಕ್ಕೆ ಹೊಂದುತ್ತವೆಯೇ ನೋಡಿರಿ. ಫೈನಾನ್ಸ್ ಸಾಲ ಉಳಿದಿದೆಯೇ, ಎಫ್.ಸಿ., ಇನ್ಶೂರೆನ್ಸ್, ತೆರಿಗೆ ಎಲ್ಲಿಯವರೆಗಿದೆ, ಇದನ್ನು ಎಂಪರಿವಾಹನ್ ಆ್ಯಪಿನಲ್ಲಿ ಮಕ್ಕಳೇ ನೋಡಿ ಹೇಳಬಲ್ಲರು. ಸಾಲ ತೀರಿದ್ದರೆ ಫೈನಾನ್ಸಿನವರ ಸಹಿಯಿರುವ 35ನೆಯ ನಮೂನೆ ಬೇಕು. ಹೆಸರು ಬದಲಾಯಿಸಲು 29 ಮತ್ತು 30ನೆಯ ನಮೂನೆ. ಕೆ.ಎ. ನಂಬರಿನ ಗಾಡಿಯನ್ನು ಈ ಕಡೆಗೆ ತರುವುದಾದರೆ ಅಲ್ಲಿಯ ಆರ್.ಟಿ.ಓ. ಕೊಡುವ ಎನ್.ಒ.ಸಿ. ಸಹ ಬೇಕು, ತಮಿಳುನಾಡಿನ ತೆರಿಗೆ ಬೇರೆ. ಟ್ರೈಲರ್ ಲಾರಿಯಾದರೆ ಮುಂದಿನ ಎಂಜಿನ್ ಗಾಡಿಗೂ ಹಿಂದಿನ ಟ್ರೈಲರಿಗೂ ಬೇರೆ ಬೇರೆ ನೋಂದಣಿ ಇರುತ್ತದೆ. ಎರಡನ್ನೂ ಕೇಳಿರಿ.

"ಹೆಸರು ಆಮೇಲೆ ಬದಲಾಯಿಸೋಣ, ಸ್ಟಾಂಪ್ ಪೇಪರ್ ಸಾಕು" ಎಂದು ದಳ್ಳಾಳಿ ಹೇಳಿದರೆ ಒಪ್ಪಬೇಡಿರಿ. ಕೊಂಡವರು 30 ದಿನದೊಳಗೆ ಆರ್.ಟಿ.ಓ.ಗೆ ತಿಳಿಸಬೇಕು, ಇನ್ಶೂರೆನ್ಸ್ ಹೆಸರು ಬದಲಾವಣೆಗೆ 14 ದಿನದೊಳಗೆ ಅರ್ಜಿ ಹಾಕಬೇಕು. ಮಾರಿದವರಿಗೂ ಇದೇ ಎಚ್ಚರ ಬೇಕು: ಅಪಘಾತವಾದಾಗ ಆರ್.ಸಿ.ಯಲ್ಲಿ ಹೆಸರಿರುವವನೇ ಮಾಲೀಕನೆಂದು 2018ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ.

ಆಮೇಲೆ ಗಾಡಿ. ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ಹೋಗಿರಿ. ಮೊದಲೇ ಬಿಸಿ ಮಾಡಿ ಇಟ್ಟಿದ್ದರೆ ಸಂಶಯ ಪಡಿರಿ. ನೀಲಿ ಹೊಗೆ ಬಿಡುತ್ತಲೇ ಇದ್ದರೆ ಎಂಜಿನ್ ಆಯಿಲ್ ಸುಡುತ್ತಿದೆ ಎಂದರ್ಥ. ಚಾಸಿಸ್ಸಿನ ಕೆಳಗೆ ಟಾರ್ಚ್ ಹಿಡಿದು ಬಿರುಕು, ಹೊಸ ವೆಲ್ಡಿಂಗ್ ಹುಡುಕಿರಿ. ಕಲ್ಲು ಹೊತ್ತ ಗಾಡಿಯ ಕಥೆ ಅಲ್ಲಿ ತಿಳಿಯುತ್ತದೆ. ಹೊಸ ಬಣ್ಣಕ್ಕೆ ಮರುಳಾಗಬೇಡಿರಿ. ಲೋಡ್ ಸಮೇತ ಏರು ಹತ್ತಿಸಿ, ಬ್ರೇಕ್ ಹಾಕಿ ನೋಡಿರಿ. ನಿಮಗೆ ನಂಬಿಕೆಯ ಮೆಕ್ಯಾನಿಕ್‌ಗೆ ಒಂದು ದಿನದ ಕೂಲಿ ಕೊಟ್ಟು ಕರೆದೊಯ್ಯಿರಿ. ದಳ್ಳಾಳಿ ತೋರಿಸಿದವನು ಬೇಡ. 8 ವರ್ಷ ದಾಟಿದ ಗಾಡಿಗೆ ಪ್ರತಿ ವರ್ಷ ಎಫ್.ಸಿ. ಮಾಡಿಸಬೇಕೆಂಬುದನ್ನೂ ಖರ್ಚಿನಲ್ಲಿ ಸೇರಿಸಿರಿ.

ಕೊನೆಗೆ ಸಾಲ. "ಬಡ್ಡಿ ಬರೀ 10 ಪರ್ಸೆಂಟ್, ಫ್ಲಾಟ್" ಎನ್ನುತ್ತಾರೆ. 6 ಲಕ್ಷಕ್ಕೆ 3 ವರ್ಷಕ್ಕೆ ಬಡ್ಡಿ 1,80,000. ತಿಂಗಳ ಕಂತು ಸುಮಾರು 21,667 ರೂಪಾಯಿ. ಅಸಲು ತಿಂಗಳು ತಿಂಗಳು ಇಳಿದರೂ ಬಡ್ಡಿ ಮಾತ್ರ ಪೂರ್ತಿ 6 ಲಕ್ಷಕ್ಕೇ ಬೀಳುತ್ತದೆ. ಇಳಿಯುವ ಬಾಕಿಯ ಮೇಲೆ ಲೆಕ್ಕ ಹಾಕಿದರೆ ಅದು ಸುಮಾರು 18 ಪರ್ಸೆಂಟ್! ಟಯರು, ಡೀಸೆಲ್, ಕ್ಲೀನರ್ ಸಂಬಳ ತೆಗೆದ ಮೇಲೆ ಈ ಕಂತು ಉಳಿಯುತ್ತದೆಯೇ? ಬಾಡಿಗೆ ಇಲ್ಲದ ತಿಂಗಳಲ್ಲಿ? ಮೂರು ಕಂತಿನ ಹಣ ಕೈಯಲ್ಲಿ ಇಟ್ಟುಕೊಳ್ಳದೆ ಇಳಿಯಬೇಡಿರಿ.

ತಾಯಂದಿರಿಗೆ ಒಂದು ಮಾತು. ಜಾಮೀನಿಗೆ ಹಾಕುವ ಸಹಿ, ಹೆಬ್ಬೆಟ್ಟು ಬರೀ ಸಾಕ್ಷಿಯಲ್ಲ. ಮಗ ಕಟ್ಟದಿದ್ದರೆ ಪೂರ್ತಿ ಸಾಲಕ್ಕೆ ನೀವೇ ಹೊಣೆ. ಓದಿಸಿ ಕೇಳದೆ, ಖಾಲಿ ಕಾಗದಕ್ಕೆ, ಖಾಲಿ ಚೆಕ್ಕಿಗೆ ಸಹಿ ಹಾಕಬೇಡಿರಿ. ಮಗನ ಮೇಲಿನ ಪ್ರೀತಿಗೆ ಇದರಿಂದ ಕೊರತೆಯಿಲ್ಲ. ನಿವೃತ್ತಿಯ ಹಣದಲ್ಲಿ ಮನೆ, ಔಷಧಿಗೆ ಬೇಕಾದಷ್ಟನ್ನು ಮೊದಲು ತೆಗೆದಿಟ್ಟು, ಉಳಿದುದರ ಮಾತು ಆಡಿರಿ.

ಅಡ್ವಾನ್ಸ್ ಕೊಡುವ ಮುಂಚೆ ಕಾಗದಗಳನ್ನು ಭಾನುವಾರ ಪೂಜೆಯಾದ ಮೇಲೆ ನಮ್ಮಲ್ಲಿಗೆ ತನ್ನಿರಿ. ಸಂಘದವರೂ ಕುಳಿತು ಓದುತ್ತೇವೆ. ಇದಕ್ಕೆ ಕಾಸು ಬೇಡ. ದೇವರು ನಿಮ್ಮ ದುಡಿಮೆಯನ್ನು ಕಾಪಾಡಲಿ.