ರಿಪೇರಿ ಹುಡುಗನಿಗೂ ಒಂದು ಷೇರು
(ಬೆಳ್ಳಿ ಹಬ್ಬದ ಸಭೆಯಲ್ಲಿ ಆಡಿದ ಮಾತು)



ಸಂಘ ಕಟ್ಟಿದ ಹಿರಿಯರನ್ನೆಲ್ಲ ಈ ದಿನ ನೆನೆದೆವು. ಸಂಘದ ಕೆಟ್ಟದ್ದು ಮುರಿದದ್ದು ಸರಿಮಾಡುವ ನಮ್ಮೂರ ರಿಪೇರಿ ಹುಡುಗನನ್ನು ಮಾತ್ರ ಮರೆತೆವು.

ಜೋಗಿಮಟ್ಟಿ ತಪ್ಪಲಿನ ಗಾಳಿ ಎಂಥದ್ದು ಅಂತ ನಿಮಗೆ ಹೇಳಬೇಕಿಲ್ಲ. ಆಷಾಢದಲ್ಲಿ ಗೋಡೌನಿನ ಶೀಟು ಎದ್ದರೆ, ಗೊಬ್ಬರದ ಚೀಲ ನೆನೆಯದಂತೆ ಮೇಲೆ ಹತ್ತಿ ಬಿಗಿಯೋನು ಅವನೇ. ತಕ್ಕಡಿ ಕೆಟ್ಟರೂ, ನಲ್ಲಿ ಸೋರಿದರೂ ಅವನೇ. ಮೂರು ಫೇಸಿನಲ್ಲಿ ಒಂದು ಹೋದರೆ ಮೋಟಾರು ಗುಂಯ್ ಅಂದು ಕಾಯಿಲು ಸುಡುತ್ತೆ, ಪ್ರಿವೆಂಟರ್ ಹಾಕಿಸಿರಿ ಅಂತ ನಮಗೆ ಬುದ್ಧಿ ಹೇಳಿದವನೂ ಅವನೇ. ನಾವು ಕೊಟ್ಟಿದ್ದು ಒಂದು ಲೋಟ ಟೀ, "ಸುಗ್ಗೀಲಿ ನೋಡೋಣ" ಅನ್ನೋ ಮಾತು.

ಹೋದ ವರ್ಷ ಏಣಿ ಜಾರಿ ಕೈ ಮುರಿದುಕೊಂಡ. ಏಣಿ ಸಂಘದ್ದೇ. ಮೆಟ್ಟಿಲು ಸಡಿಲ ಐತೆ ಅಂತ ಎರಡು ಸಲ ಹೇಳಿದ್ದ. ಆಸ್ಪತ್ರೆ ಖರ್ಚಿಗೆ ಅವನ ಹೆಂಡತಿ ಓಲೆ ಅಡವಿಟ್ಟಳು.

2003ರಲ್ಲಿ ಶುರುವಾಗಿ, ನಡುವೆ ನಿಂತು, 2022-23ರಲ್ಲಿ ಮತ್ತೆ ಬಂದ ಯಶಸ್ವಿನಿ ಯೋಜನೆ ಸಹಕಾರ ಸಂಘಗಳ ಸದಸ್ಯರಿಗೆ ಇರುವಂಥದ್ದು. ಅವನು ಸದಸ್ಯನಲ್ಲ. ಬಾರಪ್ಪ, ಷೇರು ತಗೋ ಅಂತ ನಾವ್ಯಾರೂ ಕರೆಯಲಿಲ್ಲ. ಈ ತಪ್ಪು ಮೊದಲು ನಿರ್ದೇಶಕರಾದ ನಮ್ಮದು.

ಹಬ್ಬದ ನೆನಪಿಗೆ ಕಮಾನು ಬೇಡ. ಅವನಿಗೊಂದು ಷೇರು, ಯಶಸ್ವಿನಿ ಕಂತು, ಗಟ್ಟಿ ಏಣಿ, ರಬ್ಬರ್ ಕೈಗವಸು, ಗೊತ್ತುಪಡಿಸಿದ ಕೂಲಿ ಕೊಡೋಣ. ಮುಂದಿನ ಆಷಾಢದೊಳಗೆ ಠರಾವು ಆಗಲಿ.